ಸಾಹೇಬರು ಆರಿಸಿದ ಕೀಬೋರ್ಡು

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ವಾರ ಒಂದು ಕತೆ ಓಡಾಡುತ್ತಿದೆ. ಹತ್ತೊಂಬತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಕುಲಕರ್ಣಿ ಬಾಯಿ ಕಂಪ್ಯೂಟರ್ ಕಂಡು ಹೆದರಿದರಂತೆ. ಬೆರಳು ನಡುಗಿದವಂತೆ. ಟೆಸ್ಟ್‌ನಲ್ಲಿ ಫೇಲಾದರಂತೆ. ಹೇಳುವವರೆಲ್ಲ ಕೊನೆಗೆ "ವಯಸ್ಸಾಯ್ತಲ್ಲ" ಎಂದು ಚಹಾ ಹೀರುತ್ತಾರೆ.

ಸುಳ್ಳು. ನಾನು ಅಲ್ಲೇ ಇದ್ದೆ. (ಹೇಳುವವರಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಅವರ ಕತೆ ಅಷ್ಟು ಸೊಗಸಾಗಿದೆ.)

ಕುಲಕರ್ಣಿ ಬಾಯಿ ಧಾರವಾಡದ ಕಡೆಯವರು. ಆಫೀಸಿನ ಮರಾಠಿಯವರಿಗೆಲ್ಲ ಬಾಯಿ, ನನಗೊಬ್ಬನಿಗೆ ಅಕ್ಕ. ಈ ಬೇಸಿಗೆಯಲ್ಲಿ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ನಾಗಪುರದ ಬಿಸಿಲಿಗೆ ನಮಗೆ ಹುಲ್ಲಿನ ಕೂಲರ್, ಅದಕ್ಕೆ ಎ.ಸಿ. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು.

ಕಂಪನಿಯವನು ಎರಡು ಕೀಬೋರ್ಡ್ ತಂದಿಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದ. ಒಂದು ದಪ್ಪ, ಭಾರ. ಒತ್ತಿದರೆ ಗುಂಡಿ ಆಳಕ್ಕಿಳಿದು ಕಟಕ್ ಅನ್ನುತ್ತದೆ. ಇನ್ನೊಂದು ತೆಳ್ಳಗೆ, ಬೆಳ್ಳಗೆ, ನೆನೆದ ಬ್ರೆಡ್ಡಿನಷ್ಟು ಮೆತ್ತಗೆ.

ಆರಿಸಲು ಮೂವರ ಕಮಿಟಿ. ಮೂವರಿಗೂ ಟೈಪಿಂಗ್ ಬರುವುದಿಲ್ಲ. ಒಬ್ಬರು ಬಣ್ಣ ನೋಡಿದರು. ಇನ್ನೊಬ್ಬರು ಕೈಯಲ್ಲೆತ್ತಿ ತೂಗಿದರು. ದೊಡ್ಡ ಸಾಹೇಬರು ತೋರುಬೆರಳಿನಿಂದ ಒಂದೇ ಒಂದು ಗುಂಡಿ ಒತ್ತಿ ಕಿವಿಗೊಟ್ಟರು. ತೆಳ್ಳಗಿನದು ಸದ್ದೇ ಮಾಡಲಿಲ್ಲ. ಸಾಹೇಬರ ಮುಖ ಅರಳಿತು. (ಅವರ ಕ್ಯಾಬಿನ್ ಗೋಡೆಯಾಚೆಗೇ ಇದೆ.)

ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು, ದಿನವಿಡೀ ಒತ್ತುವವರು ಒಮ್ಮೆ ಒತ್ತಿ ನೋಡಲಿ ಎಂದೆ. ಅಕ್ಕನನ್ನು ಕರೆಸಿದರು. ಪಕ್ಕದ ಕಾಗದದ ಮೇಲೆ ಕಣ್ಣು, ಗುಂಡಿಗಳ ಮೇಲೆ ಹತ್ತೂ ಬೆರಳು. ದಪ್ಪಗಿನದರ ಮೇಲೆ ಬೆರಳು ಹಾರಾಡಿದವು. ತೆಳ್ಳಗಿನದರ ಮೇಲೆ ಅರ್ಧ ಸಾಲಿಗೇ ನಿಂತವು.

"ಅಕ್ಷರ ಬಿತ್ತೋ ಇಲ್ಲೋ ಬೆರಳಿಗೇ ಗೊತ್ತಾಗಬೇಕಪಾ. ನೋಡ್ಕೋತ ಹೊಡಿಯೋದಾದ್ರ ಟೈಪಿಂಗ್ ಯಾಕ ಕಲೀಬೇಕಿತ್ತು?"

ಕೀಬೋರ್ಡ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಯಾರು ಕೊಡುತ್ತಾರೆ? ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಿದೆನೇ? ಕಾಲೇಜಿನ ಡಿಬೇಟ್ ಚಟ. ಅಕ್ಕನ ಒಂದು ಮಾತನ್ನು ಹಿಂದಿಯಲ್ಲಿ ಮೂರು ಪಾಯಿಂಟ್ ಮಾಡಿ ಮಂಡಿಸಿದೆ. ಚಪ್ಪಲಿ ಮೆಟ್ಟುವವನನ್ನು ಹೊರಗೆ ನಿಲ್ಲಿಸಿ ಮಿಕ್ಕವರೆಲ್ಲ ಅಳತೆ ನೋಡಿದ ಹಾಗಾಯಿತು ಎಂದೆ. ಕಮಿಟಿಯ ಇಬ್ಬರು ನಕ್ಕರು. ಸಾಹೇಬರು ನಗಲಿಲ್ಲ.

ಕಾಲೇಜಿನಲ್ಲಾಗಿದ್ದರೆ ಕಪ್ ಸಿಗುತ್ತಿತ್ತು. ಇಲ್ಲಿ ತೆಳ್ಳಗಿನ ಕೀಬೋರ್ಡ್ ಸಿಕ್ಕಿತು.

ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ. ಧೂಳು ಕೂರಬಾರದೆಂದು, ಟೈಪ್ ಮಾಡುವಾಗಲೂ ತೆಗೆಯಕೂಡದು ಎಂದು ಆರ್ಡರ್. ನಗಬೇಡಿ. ನಿಮ್ಮ ಸ್ಕೂಟರ್ ಸೀಟಿನ ಪ್ಲಾಸ್ಟಿಕ್ ಕಿತ್ತಿದ್ದೀರಾ?

ಆಮೇಲೆ ಆಪರೇಟರ್ ಕುರ್ಚಿಗೆ ಟೆಸ್ಟ್. ಪಾಸಾದರೆ ಎ.ಸಿ. ರೂಮು. ಫೇಲಾದರೆ ಡಿಸ್ಪ್ಯಾಚ್ ಸೆಕ್ಷನ್, ನಿವೃತ್ತಿಯವರೆಗೆ ಲಕೋಟೆಗೆ ಗೋಂದು ಹಚ್ಚುವುದು. ಹೊದಿಕೆ ತೆಗೆಯಬಹುದೇ ಎಂದು ಅಕ್ಕ ಕೇಳಿದರು. ಸಾಹೇಬರು ಬೇಡ ಎಂದರು. ಅಕ್ಕನ ಬೆರಳು ಎಂದಿನಂತೆ ಓಡಿತು. ಪ್ಲಾಸ್ಟಿಕ್ಕು ಕೆಲವು ಅಕ್ಷರ ನುಂಗಿತು, ಕೆಲವನ್ನು ಎರಡೆರಡು ಸಲ ಉಗುಳಿತು. ಅವರ ಕಣ್ಣು ಕಾಗದದ ಮೇಲೆ. ಗೊತ್ತಾಗುವುದು ಹೇಗೆ?

ಅಕೌಂಟ್ಸಿನ ವಿಲಾಸ್ ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಬಿತ್ತೇ ಎಂದು ಪರದೆ ನೋಡಿ, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಟೈಪ್ ಮಾಡಿದ. ಅಕ್ಕ ಮುಗಿಸಿದಾಗ ಅವನಿನ್ನೂ ಎರಡನೇ ಪ್ಯಾರಾದಲ್ಲಿದ್ದ. ಆದರೆ ತಪ್ಪಿಲ್ಲ. ಸಾಹೇಬರು ಎಣಿಸಿದ್ದು ತಪ್ಪನ್ನು ಮಾತ್ರ. ಅವನು ಪಾಸ್, ಅಕ್ಕ ಫೇಲ್.

ಅಕ್ಕ ಅಳಲಿಲ್ಲ, ನಡುಗಲೂ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಇಷ್ಟೇ ಅಂದರು: "ನೀ ಅವತ್ತ ಒಂದೀಟು ಕಡಿಮಿ ಮಾತಾಡಿದ್ರ ನಡೀತಿತ್ತು ನೋಡಪಾ."

ಬರುವ ಒಂದನೇ ತಾರೀಖಿನಿಂದ ಅವರು ಡಿಸ್ಪ್ಯಾಚಿಗೆ.

ದಿಲ್ಲಿಗೆ ಹೋಗಬೇಕಾದ ನಾಲ್ಕು ಪುಟದ ಪತ್ರ ನಿನ್ನೆ ಸಂಜೆ ನಾಲ್ಕಕ್ಕೆ ಟೈಪಿಗೆ ಬಂತು. ಸಾಹೇಬರೇ ಕೈಯಲ್ಲಿ ಹಿಡಿದುಕೊಂಡು ಎ.ಸಿ. ರೂಮು ದಾಟಿ ಅಕ್ಕನ ಹಳೆಯ ಟೈಪ್‌ರೈಟರಿನ ಮುಂದಿಟ್ಟರು. ಐದರ ಒಳಗೆ ಬೇಕು ಎಂದರು. ಅಕ್ಕ ಕಾಗದ, ಕಾರ್ಬನ್ ಸೇರಿಸಿ ಮೆಷಿನ್ನಿಗೆ ಏರಿಸಿದರು. ನಾನು ಸಾಹೇಬರ ಹಿಂದೆಯೇ ಕ್ಯಾಬಿನ್ನಿಗೆ ಹೋದೆ. ಈ ಸಲ ಮೂರು ಪಾಯಿಂಟ್ ಇರಲಿಲ್ಲ, ಒಂದೇ ಇತ್ತು.

"ಸಾಹೇಬರೇ, ಅಷ್ಟು ಜಲ್ದಿ ಬೇಕಿದ್ದರೆ, ಪಾಸಾದವನಿಗೆ ಯಾಕೆ ಕೊಡಲಿಲ್ಲ?"