ಸಿದ್ದರಾಜು ಮಗಳ ಪ್ರಬಂಧ

ಅಪರಾಧಶಾಸ್ತ್ರದ ಎಂ.ಎ.ಗೆ ಸೇರಿದರೆ ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸಬಹುದು ಎಂದು ತಿಳಿದ ದಿನವೇ ಒಂಟಿಕೊಪ್ಪಲಿನ ಪವಿತ್ರ ಅರ್ಜಿ ತುಂಬಿದಳು. ಅದು ೨೦೦೦ನೇ ಇಸವಿ. ಹತ್ತು ವರ್ಷದ ಹಿಂದೆ ಚಾಮುಂಡಿ ಬೆಟ್ಟದಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಅವಳ ಅಪ್ಪ ಸಿದ್ದರಾಜುವನ್ನು ಪಕ್ಕದಂಗಡಿಯ ಚೆಲುವಯ್ಯ ಜಾಗದ ಜಗಳದಲ್ಲಿ ಕಡಿದು ಕೊಂದಿದ್ದ. ಆಗ ಅವಳಿಗೆ ಹನ್ನೊಂದು ವರ್ಷ.

ಪ್ರಬಂಧಕ್ಕೆ ಐವರು ಜೀವಾವಧಿ ಕೈದಿಗಳನ್ನು ಸಂದರ್ಶಿಸಬೇಕಿತ್ತು. ನಾಲ್ವರನ್ನು ಮೇಷ್ಟ್ರು ರುದ್ರಸ್ವಾಮಿ ಸೂಚಿಸಿದರು. ಐದನೆಯ ಹೆಸರನ್ನು ಅವಳೇ ಬರೆದಳು.

ಚೆಲುವಯ್ಯನಿಗೆ ಅವಳ ಗುರುತು ಸಿಗಲಿಲ್ಲ. ಕಾಲೇಜಿನ ಹುಡುಗಿ ತನ್ನ ಕಥೆ ಕೇಳಲು ಬಂದಿದ್ದಾಳೆಂದು ಅವನಿಗೆ ಖುಷಿ. ಹೇಳಿದ್ದೆಲ್ಲ ಪ್ರಬಂಧಕ್ಕೆ ಮಾತ್ರ, ಗುಟ್ಟಾಗಿಡುತ್ತೇನೆ ಎಂದು ಅವಳು ಮಾತು ಕೊಟ್ಟಳು.

"ಕೋಪದಲ್ಲಿ ಕೈ ತಪ್ತು ಅಂತ ಕೋರ್ಟಲ್ಲಿ ಏಳ್ದೆ ತಾಯಿ. ನಿಜ ಅಂದ್ರೆ, ಮುಂಚಿನ ದಿನಾನೇ ಮಚ್ಚು ಮಸ್ದು ಇಟ್ಕಂಡಿದ್ದೆ."

"ಸತ್ತವರ ಮನೆಯವರ ಬಗ್ಗೆ ಯಾವತ್ತಾದ್ರೂ ಯೋಚ್ನೆ ಮಾಡಿದ್ದೀರಾ?"

"ಅವರ ಗೋಳು ನಂಗ್ಯಾಕೆ? ನನ್ ಬಗ್ಗೆ ಒಳ್ಳೇದು ಬರೀರಿ. ಸನ್ನಡತೆ ಬಿಡುಗಡೆ ಪಟ್ಟೀಲಿ ನನ್ ಎಸ್ರು ಅದೆ."

ಪವಿತ್ರ ಒಂದಕ್ಷರ ಬಿಡದೆ ಬರೆದುಕೊಂಡು ಅವನಿಂದ ಸಹಿ ಹಾಕಿಸಿಕೊಂಡಳು. ಮರುವಾರವೇ ಅವ್ವ ಶಿವನಂಜಮ್ಮನ ಹೆಸರಲ್ಲಿ ಆಕ್ಷೇಪಣೆ ಬರೆದು, ಆ ಹಾಳೆಗಳನ್ನು ಲಗತ್ತಿಸಿ ಅಧಿಕಾರಿಗಳಿಗೆ ಕೊಟ್ಟಳು. ಪಟ್ಟಿಯಿಂದ ಚೆಲುವಯ್ಯನ ಹೆಸರು ಹೋಯಿತು.

ವಿಷಯ ರುದ್ರಸ್ವಾಮಿಯವರ ಕಿವಿಗೂ ಬಿತ್ತು. "ಗುಟ್ಟಾಗಿಡ್ತೀನಿ ಅಂತ ಮಾತು ಕೊಟ್ಟು ಅವನ ಬಾಯಿ ಬಿಡಿಸಿದ್ದೀಯ. ನಿನ್ನ ಪ್ರಬಂಧ ತಗೊಳ್ಳೋಕಾಗಲ್ಲ ಕಣಮ್ಮ."

"ಗೊತ್ತು ಸರ್," ಎಂದಳು. ಎರಡು ವರ್ಷದ ಓದು ಅಲ್ಲಿಗೆ ಮುಗಿಯಿತು.

ಒಂದು ಕೆಲಸ ಬಾಕಿಯಿತ್ತು. ಜೈಲಿಗೆ ಹೋಗಿ ಜಾಲರಿಯಾಚೆ ನಿಂತವನಿಗೆ ಹೇಳಿದಳು: "ನಾನು ಸಿದ್ದರಾಜು ಮಗಳು. ನಿನ್ನ ಬಿಡುಗಡೆ ನಿಲ್ಸಿದ್ದು ನಾನೇ."

ಅವನು ಜಾಲರಿ ಹಿಡಿದುಕೊಂಡ. "ಈ ವರ್ಸ ನನ್ ಮಗಳ ಮದ್ವೆ ಇತ್ತು ತಾಯಿ."

"ನನ್ನ ಮದುವೇಲೂ ಅಪ್ಪ ಇರಲ್ಲ."

ಮನೆಗೆ ಬಂದು ಹೇಳಿದಾಗ ಶಿವನಂಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. "ಇಷ್ಟು ಸಾಕು ಬುಡವ್ವ."

"ಸಾಲ್ದು ಕಣವ್ವ."

ಪವಿತ್ರ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆದಳು. ೨೦೦೪ರಲ್ಲಿ ಚೆಲುವಯ್ಯನ ಹೆಸರು ಮತ್ತೆ ಪಟ್ಟಿಗೆ ಬಂದ ಸುದ್ದಿ ಅಲ್ಲೇ ಸಿಕ್ಕಿತು. ಊಟದ ಬಿಡುವಿನಲ್ಲಿ ಕೂತು ಎರಡನೆಯ ಆಕ್ಷೇಪಣೆ ಟೈಪ್ ಮಾಡಿದಳು, ಒಂದು ತಪ್ಪೂ ಇಲ್ಲದಂತೆ.