ಕಪ್ಪು ಪಟ್ಟಿಯೂ ಎತ್ತಿನ ಮೂತಿಯೂ

ನಮ್ಮಪ್ಪ ಒಂದು ಸಿನಿಮಾದಲ್ಲಿದ್ದಾನೆ. ಈ ಮಾತನ್ನು ಈಗ ನಾನು ಎದೆಯುಬ್ಬಿಸಿ ಹೇಳುತ್ತೇನೆ. ಮೊದಲೆಲ್ಲ ಹೇಳಿದರೆ ನಮ್ಮ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅದು ಅಪ್ಪನಿಗೆ ಮೀಸೆ ಸರಿಯಾಗಿ ಚಿಗುರದ ಕಾಲದ ಕತೆ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ, ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಬರುತ್ತಿದ್ದವನನ್ನು ಬಂಡೆಗಳ ಹತ್ತಿರ ಶೂಟಿಂಗ್‌ನವರು ತಡೆದು ನಿಲ್ಲಿಸಿದರಂತೆ. ಹೀರೋ ಕುದುರೆ ಮೇಲೆ ಧೂಳೆಬ್ಬಿಸಿಕೊಂಡು ಬರುವಾಗ ಪಕ್ಕದಲ್ಲೊಂದು ಎತ್ತಿನ ಗಾಡಿ ನಿಂತಿರಬೇಕು, ಎತ್ತು ಬೆದರದಂತೆ ಗಾಡಿಯವನು ಅದರ ಕೊರಳು ಹಿಡಿದು ನಿಂತಿರಬೇಕು, ಅಷ್ಟೇ ಕೆಲಸ. ಇನ್ನೇನು ಶುರುವಾಗಬೇಕು ಅನ್ನುವಾಗ ಕ್ಯಾಮೆರಾದವನು ಮೇಲಿನಿಂದ ಕೂಗಿದನಂತೆ: “ಏ ಗಾಡಿಯವ್ನೇ, ಈ ಕಡೆ ಮಾತ್ರ ನೋಡ್ಬೇಡ! ನೋಡಿದ್ರೆ ನಿನ್ನ ಕತ್ತರಿಸಿ ಬಿಸಾಕ್ತೀವಿ!”

ಆ ಸಿನಿಮಾ ರಾಮನಗರದ ಟಾಕೀಸಿಗೆ ಬಂದಾಗ ನಮ್ಮ ಮನೆಯಲ್ಲಿ ಹುಳು ಹಣ್ಣಾಗಿತ್ತು. ಹಣ್ಣಾದ ರೇಷ್ಮೆಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡುವ ಹೊತ್ತಿನಲ್ಲಿ ಸ್ವಂತ ಮದುವೆ ಇದ್ದರೂ ಮುಂದಕ್ಕೆ ಹಾಕಬೇಕು, ಸಿನಿಮಾ ಯಾವ ಲೆಕ್ಕ! ಅಪ್ಪ ಕೈತೊಳೆದುಕೊಂಡು ಓಡುವಷ್ಟರಲ್ಲಿ ಟಾಕೀಸಿನ ಗೋಡೆಗೆ ಬೇರೆ ಪೋಸ್ಟರ್ ಅಂಟಿಸಿದ್ದರು. ಮುಂದೆ ಅದು ಟಿವಿಯಲ್ಲಿ ಬಂತು, ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಕುದುರೆ ಬರುತ್ತಿತ್ತು, ಧೂಳು ಬರುತ್ತಿತ್ತು, ಎಡಗಡೆಯ ಅಂಚಿನಲ್ಲಿ ಒಂದು ಎತ್ತಿನ ಮೂತಿ ಬರುತ್ತಿತ್ತು. ಮೂತಿ ಮಾತ್ರ. ಅಪ್ಪ ಇಲ್ಲ.

“ಅಣ್ಣ, ಎತ್ತು ಸಕತ್ತಾಗಿ ಆಕ್ಟ್ ಮಾಡೈತೆ ಕಣ. ನಿನ್ ಪಾರ್ಟು ಯಾವಾಗ ಬತ್ತದೆ?” ಎನ್ನುತ್ತಿದ್ದ ಚಿಕ್ಕಪ್ಪ. ಹಬ್ಬದೂಟದಲ್ಲಿ, ಸಾವಿನ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅವನಿಗೆ ಇದೇ ಮಾತು. ಎಲ್ಲರೂ ನಗುತ್ತಿದ್ದರು. ಅಪ್ಪ ಎದ್ದು ಹೋಗುತ್ತಿದ್ದ.

ಯಾಕೆ ಎದ್ದು ಹೋಗುತ್ತಿದ್ದ ಅಂತ ಅವ್ವ ಒಂದು ದಿನ ಮುದ್ದೆ ತಿರುವುತ್ತಾ ನನಗೆ ಹೇಳಿದಳು. “ಕುದ್ರೆ ಬಂದ ಗದ್ಲದಲ್ಲಿ ತಾನೇ ಆ ಕಡೆ ನೋಡ್ಬುಟ್ನೇನೋ, ಅದ್ಕೇ ಕತ್ತರಿಸವ್ರೆ ಅಂತ ಒಳಗೊಳಗೇ ಕೊರಗ್ತಾರೆ ಕಣ್ಲಾ. ಸುಮ್ಕೆ ನಿಂತ್ಕೊ ಅಂದ್ರು, ಅದೂ ನನ್ ಕೈಲಿ ಆಗ್ನಿಲ್ವಲ್ಲ ಅಂತಾರೆ.” ಅಯ್ಯೋ ದೇವರೇ! ಆಗ ನನಗೆ ನಮ್ಮ ಮನೆಯ ಫೋಟೋಗಳೆಲ್ಲ ಅರ್ಥವಾದವು. ಒಂದರಲ್ಲೂ ಅಪ್ಪ ಮುಂದೆ ನೋಡಿಲ್ಲ. ಚಿಕ್ಕಪ್ಪನ ಮದುವೆಯಲ್ಲಿ ಚಪ್ಪರ ನೋಡುತ್ತಿದ್ದಾನೆ. ನನ್ನ ನಾಮಕರಣದಲ್ಲಿ ಬೇರೆ ಯಾರದೋ ಮಗುವನ್ನು ನೋಡುತ್ತಿದ್ದಾನೆ. ವೋಟರ್ ಕಾರ್ಡಿನಲ್ಲಂತೂ ಯಾರೋ ಪಕ್ಕದಿಂದ ಕರೆದ ಹಾಗೆ ಕತ್ತು ತಿರುಗಿಸಿಕೊಂಡಿದ್ದಾನೆ. ಫೋಟೋ ತೆಗೆಯುವವನು ಬೇಡಿಕೊಂಡು ಸಾಕಾಗಿ ಹಾಗೇ ಒತ್ತಿಬಿಟ್ಟನಂತೆ.

ಅಷ್ಟರಲ್ಲಿ ಬಿಡದಿ ಕಡೆ ಸಾಲುಸಾಲಾಗಿ ಫ್ಯಾಕ್ಟರಿಗಳು ಎದ್ದವು. ನಾನೂ ಒಂದರಲ್ಲಿ ಸೇರಿಕೊಂಡೆ. ಅಂದಿನಿಂದ ಊರಿನಲ್ಲಿ ವೋಲ್ಟೇಜ್ ಇಳಿದರೆ ಬೈಗುಳ ನನಗೆ. “ನಿಮ್ ಫ್ಯಾಕ್ಟ್ರಿನೇ ಕಣಪ್ಪ, ಕರೆಂಟೆಲ್ಲ ಕುಡಿದ್ಬುಡೋದು!” ವೋಲ್ಟೇಜ್ ಇಳಿದಾಗ ಟಿವಿಯೊಳಗಿನ ಚಿತ್ರ ಒಗೆದ ಹತ್ತಿ ಅಂಗಿಯ ಹಾಗೆ ಕುಗ್ಗುತ್ತಿದ್ದದ್ದು ನಿಜ. ಪಂಪ್‌ಸೆಟ್ಟು, ಎದುರುಗಡೆಯ ಹಿಟ್ಟಿನ ಮಿಲ್ಲು ಎರಡೂ ಒಟ್ಟಿಗೆ ಓಡಿದರೆ ವಾರ್ತೆ ಓದುವವಳ ತಲೆಯೂ ಗಲ್ಲವೂ ಹತ್ತಿರ ಬಂದುಬಿಡುತ್ತಿದ್ದವು. ಅದಕ್ಕೇ ನಾನು ಇದ್ದುದರಲ್ಲಿ ದೊಡ್ಡ ಟಿವಿಯನ್ನೇ ತಂದೆ, ಜೊತೆಗೊಂದು ಡಿವಿಡಿ ಪ್ಲೇಯರ್. ಅಪ್ಪ ಟಿವಿಗೆ ಕುಂಕುಮ ಇಟ್ಟು, ಹಿಂದೆ ನಿಂತು, ಮುಂದೆ ನಿಂತು, “ಚಿತ್ರ ಅಂಚಿನ್ ತಂಕ ತುಂಬ್ಕೊಂಡೈತೆ ನೋಡು!” ಎಂದು ಹಿಗ್ಗಿದ.

ನಮ್ಮ ಶಿಫ್ಟಿನಲ್ಲಿ ಚನ್ನಪಟ್ಟಣದ ಒಬ್ಬ ಸಿನಿಮಾ ಹುಚ್ಚನಿದ್ದ. ಅಪ್ಪನ ಕತೆ ಕೇಳಿ ಕ್ಯಾಂಟೀನಿನಲ್ಲಿ ತಟ್ಟೆ ಪಕ್ಕಕ್ಕಿಟ್ಟ. “ಲೇ, ಅದು ಸ್ಕೋಪ್ ಪಿಚ್ಚರ್ ಕಣ್ಲಾ, ಅಗಲ ಜಾಸ್ತಿ. ಟಿವಿ ಚೌಕ. ತುಂಬಿಸ್ಬೇಕು ಅಂತ ಎರಡೂ ಪಕ್ಕ ಕೊಯ್ದವ್ರೆ. ನಿಮ್ಮಪ್ಪ ಆ ಕೊಯ್ದಿರೋದ್ರಲ್ಲಿ ಅವ್ರೆ.” ಅವನೇ ಎಲ್ಲಿಂದಲೋ ಪೂರ್ತಿ ಅಗಲದ ಡಿವಿಡಿ ಹುಡುಕಿ ತಂದುಕೊಟ್ಟ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ, ಗಾಬರಿಯಾಗಬೇಡ ಎಂದೂ ಹೇಳಿದ. ನಾನೇನೂ ಗಾಬರಿಯಾಗಲಿಲ್ಲ. ಊರಿನವರು ಆದರು.

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಪ್ಪನನ್ನೂ ಕರೆಸಿ ಡಿವಿಡಿ ಹಾಕಿದೆ. ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಅಂತ ಅಪ್ಪನಿಗೆ ಏನೂ ಹೇಳಿರಲಿಲ್ಲ. ಚಿತ್ರ ಶುರುವಾಯಿತು. ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕಪ್ಪು ಪಟ್ಟಿ.

“ಹೋಯ್ತು! ವೋಲ್ಟೇಜ್ ಹೋಯ್ತು!” ಎಂದು ಅಪ್ಪ ಎದ್ದುನಿಂತ. ಫ್ಯಾನ್ ಆರಿಸಿದ, ಫ್ರಿಜ್ಜಿನ ವೈರು ಕಿತ್ತ, ಸ್ಟೆಬಿಲೈಸರ್ ಮೇಲೆ ಎರಡು ಗುದ್ದಿದ. ಪಟ್ಟಿ ಕದಲಲಿಲ್ಲ. ಚಿಕ್ಕಪ್ಪ ಬೀದಿಗೆ ಓಡಿ, “ಲೇ, ಮೋಟ್ರು ನಿಲ್ಸ್ರೋ! ಮಿಲ್ ನಿಲ್ಸ್ರೋ! ನಮ್ಮಣ್ಣನ ಟಿವಿ ಕುಗ್ಗೋಗೈತೆ!” ಎಂದು ಬಾಯಿ ಬಡಿದುಕೊಂಡ.

“ಅದು ವೋಲ್ಟೇಜ್ ಅಲ್ಲ, ಸಿನಿಮಾದ ಆಕಾರವೇ ಹಂಗೆ!” ಅಂತ ನಾನು ಕೂಗಿದೆ.

“ಆಕಾರವಂತೆ! ಅರ್ಧ ಟಿವಿ ಖಾಲಿ ಬಿದ್ದೈತೆ, ಆಕಾರ ಅಂತಾನೆ. ಇಂಥೋನ್ನ ಓದ್ಸಿದ್ದು ನಾನು,” ಎಂದ ಅಪ್ಪ.

ಮಿಲ್ಲು ನಿಂತಿತು. ನಿಲ್ಲಿಸಿದವನು ಏನಾಯಿತು ನೋಡಲು ಹುಬ್ಬಿನ ಮೇಲೆ ರಾಗಿಹಿಟ್ಟು ಹೊತ್ತುಕೊಂಡೇ ಬಂದ. ಹಿಟ್ಟಿಗೆ ಕಾದು ನಿಂತಿದ್ದ ಹೆಂಗಸರು ಅವನ ಹಿಂದೆ ಬಂದರು. ಮೋಟರು ನಿಲ್ಲಿಸಿದವರೂ ಬಂದರು. ಮೂರು ಜನ ಸದ್ದಿಲ್ಲದೆ ನೋಡಲಿ ಎಂದುಕೊಂಡಿದ್ದ ಸಿನಿಮಾಕ್ಕೆ ಮನೆ ತುಂಬ ಜನ! ಪಟ್ಟಿ ಮಾತ್ರ ಇದ್ದಲ್ಲೇ ಇತ್ತು. ಆಗ ಅಪ್ಪ ರಿಮೋಟ್ ಕಿತ್ತುಕೊಂಡು ಸಿಕ್ಕಸಿಕ್ಕ ಗುಂಡಿ ಒತ್ತಿದ. ಒಂದು ಗುಂಡಿಗೆ ಚಿತ್ರ ದೊಡ್ಡದಾಗಿ, ಎರಡೂ ಪಕ್ಕ ಟಿವಿಯಾಚೆ ಹೋಗಿ, ಪಟ್ಟಿ ಮಾಯವಾಗಿ, ಟಿವಿ ತುಂಬಿಕೊಂಡಿತು. ಜನ ಚಪ್ಪಾಳೆ ಹೊಡೆದರು.

“ನೋಡಿದ್ರಾ, ನಾನ್ ಮಿಲ್ ನಿಲ್ಸಿದ್ದಕ್ಕೇ ಬಂದಿದ್ದು,” ಎಂದ ಮಿಲ್ಲಿನವನು. ಅಪ್ಪ ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಾನು ಬೇಡಿದೆ, ಬೈದೆ. ಕೊಡಲಿಲ್ಲ. ತನ್ನನ್ನು ತಾನೇ ಕತ್ತರಿಸಿಕೊಂಡು ಕೂತಿದ್ದಾನೆ ಈ ಮನುಷ್ಯ, ಯಾರಿಗೆ ಹೇಳೋಣ!

ಕೊನೆಗೂ ಆ ಜಾಗ ಬಂತು. ಕುದುರೆ ಬಂತು, ಧೂಳು ಬಂತು, ಎತ್ತಿನ ಮೂತಿ ಬಂತು.

“ಬಂದ ನೋಡ್ರಪ್ಪ ನಮ್ಮಣ್ಣ!” ಎಂದ ಚಿಕ್ಕಪ್ಪ. ಮನೆಯೆಲ್ಲ ಗೊಳ್ಳೆಂದಿತು. ಹಿಟ್ಟಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ನೆಲ ನೋಡಿದ. ಆಮೇಲೆ ದನಕ್ಕೆ ಹುಲ್ಲು ಹಾಕಿ ಬತ್ತೀನಿ ಅಂತ ಬಾಯೊಳಗೇ ಗೊಣಗಿ ಎದ್ದ. ರಿಮೋಟ್ ಕುರ್ಚಿಯ ಮೇಲೇ ಉಳಿಯಿತು.

ನನಗೆ ಎಲ್ಲಿತ್ತೋ ಸಿಟ್ಟು. “ಕೂತ್ಕೊ ಅಪ್ಪಾ! ಒಬ್ಬರೂ ಏಳಕೂಡದು!” ಎಂದು ಗುಡುಗಿ ರಿಮೋಟ್ ಎತ್ತಿಕೊಂಡೆ. ಚಿತ್ರವನ್ನು ಮತ್ತೆ ಚಿಕ್ಕದು ಮಾಡಿದೆ. ಪಟ್ಟಿ ವಾಪಸ್ ಬಂತು, ಜನ ಅಯ್ಯಯ್ಯೋ ಅಂದರು. ಹಿಂದಕ್ಕೆ ಓಡಿಸಿ ಬಿಟ್ಟೆ. ಕುದುರೆ ಬಂತು, ಧೂಳು ಬಂತು, ಮೂತಿ ಬಂತು. ಮೂತಿಯ ಹಿಂದೆ ಕೊಂಬು. ಕೊಂಬಿನ ಹಿಂದೆ ಕೊರಳು. ಕೊರಳ ಮೇಲೆ ಒಂದು ಕೈ. ಆ ಕೈಯ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಸಣಕಲ.

“ಅಯ್ಯೋ ಶಿವನೇ, ಅದು ನಮ್ಮೋರು!” ಎಂದಳು ಅವ್ವ.

ನಗು ನಿಂತೇಹೋಯಿತು. ಚಿಕ್ಕಪ್ಪ ಅಂಬೆಗಾಲಿನಲ್ಲಿ ಹೋಗಿ ಟಿವಿಗೆ ಮೂಗು ತಾಗಿಸಿದ. “ಅಣ್ಣ, ನೀನೇ ಕಣ.” ಇನ್ನಷ್ಟು ಬಗ್ಗಿ ನೋಡಿ, “ಆ ಟವಲ್ಲು ನಂದು!” ಅಂದ.

ಅಪ್ಪ ಬಂದು ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲ್ಲರೂ ಅವನ ಟವೆಲ್ಲನ್ನೂ ಚಿಗುರದ ಮೀಸೆಯನ್ನೂ ನೋಡುತ್ತಿದ್ದರೆ, ಅವನು ನೋಡುತ್ತಿದ್ದದ್ದು ಚಿತ್ರದೊಳಗಿನವನ ಕಣ್ಣು. “ಇನ್ನೊಂದ್ಸಲ ಬುಡು,” ಎಂದ. ಬಿಟ್ಟೆ. ಕುದುರೆ ಪಕ್ಕದಲ್ಲೇ ನುಗ್ಗಿಹೋಯಿತು, ಧೂಳು ಮುಖಕ್ಕೆ ಬಡಿಯಿತು, ಹಿಂದೆ ಯಾರೋ ಬಿದ್ದರು. ಆ ಸಣಕಲ ಎತ್ತಿನ ಕಣ್ಣನ್ನು ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ. “ಇನ್ನೊಂದ್ಸಲ,” ಎಂದ ಅಪ್ಪ. ಮತ್ತೆ ಬಿಟ್ಟೆ.

“ನೋಡಿಲ್ಲ,” ಎಂದ. “ನಾನು ನೋಡೇ ಇಲ್ಲ ಕಣ್ಲಾ ಮಗ.”

ಅವ್ವ ಒಲೆ ನೋಡುವ ನೆಪದಲ್ಲಿ ಒಳಗೆ ಹೋದಳು. ಚಿಕ್ಕಪ್ಪನಿಗೂ ಏನೋ ಆಗಿತ್ತು; ಮೆಲ್ಲಗೆ ರಿಮೋಟಿಗೆ ಕೈಚಾಚಿ, “ಈ ಕರೀ ಪಟ್ಟಿ ತೆಗ್ದು ಒಸಿ ದೊಡ್ಡದು ಮಾಡ್ಲಾ, ಅಣ್ಣನ ಮಕ ಕಾಣ್ಲಿ,” ಅಂದ.

“ಮುಟ್ಟೀಯೆ ಮತ್ತೆ!” ಎಂದು ಅಪ್ಪ ಅವನ ಕೈ ತಟ್ಟಿದ. “ಪಟ್ಟಿ ಹಂಗೇ ಇರ್ಲಿ.”

ಮಿಲ್ಲಿನವನು ಹೋಗಿ ಮಿಲ್ ಶುರುಮಾಡಿದ. ಆಗ ನಿಜವಾಗಿಯೂ ವೋಲ್ಟೇಜ್ ಇಳಿದು ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿತು. ಅಪ್ಪ ಅದನ್ನು ಗಮನಿಸಲೂ ಇಲ್ಲ.

ಮಾರನೆಯ ವರ್ಷ ನನ್ನ ಮದುವೆಯಾಯಿತು. ಫೋಟೋದವನು ಅಪ್ಪನಿಗೆ ಕೈಮುಗಿದು, “ಯಜಮಾನ್ರೇ, ಒಸಿ ಗಂಡು ಹೆಣ್ಣಿನ ಕಡೆನೂ ನೋಡಿ,” ಎಂದು ಹೇಳಿ ಹೇಳಿ ಸೋತ. ಆಲ್ಬಮ್ ನಮ್ಮನೆಯಲ್ಲಿದೆ, ಬಂದವರಿಗೆಲ್ಲ ತೋರಿಸುತ್ತೇನೆ. ನಾನು ತಾಳಿ ಕಟ್ಟುತ್ತಿದ್ದೇನೆ, ಸುತ್ತ ನಿಂತವರೆಲ್ಲ ತಾಳಿಯನ್ನು ನೋಡುತ್ತಿದ್ದಾರೆ, ಅಪ್ಪನೊಬ್ಬ ಮಾತ್ರ ಕಣ್ಣು ಅಗಲಿಸಿಕೊಂಡು ಆಲ್ಬಮ್ ತೆರೆದವರನ್ನೇ ನೋಡುತ್ತಿದ್ದಾನೆ.