ಶುಕ್ರವಾರದ ಗಂಜಿ

ಒಂದು ವರ್ಷಕ್ಕೂ ಹೆಚ್ಚು ಕಾಲ ಶುಕ್ರವಾರದ ಮಧ್ಯಾಹ್ನ ನಾನು ಮನೆಯವರ ಜೊತೆ ಊಟಕ್ಕೆ ಕೂರಲಿಲ್ಲ. ಗಲ್ಫಿನ ಸೀಬ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ಗಂಡ, ಮಗಳು ಉಂಡು ಅಡ್ಡಾದ ಮೇಲೆ ಕುಚ್ಚಲಕ್ಕಿ ಗಂಜಿ, ಒಂದಿಷ್ಟು ಚಟ್ನಿ ಬಡಿಸಿಕೊಂಡು ಲ್ಯಾಪ್‌ಟಾಪಿನ ಎದುರು ಕೂರುತ್ತಿದ್ದೆ. "ಯಲ್ಲಾ, ನಿನ್ನ ಫಾರಿನ್ ಊಟಕ್ಕೆ ಹೊತ್ತಾಯ್ತಲ್ಲಾ ಮಾರಾಯ್ತಿ" ಎಂದು ಗಂಡ ಇಲ್ಲಿಯ ಅರಬ್ಬಿ ಬೆರೆಸಿ ರೇಗಿಸುತ್ತಿದ್ದರು. ಯುರೋಪಿನಲ್ಲಿ ಊಟದ ಗಂಟೆ ಹೊಡೆಯುವಾಗ ನಮ್ಮಲ್ಲಿ ಹೊತ್ತು ಇಳಿಯತೊಡಗಿರುತ್ತದೆ. ಹೊಟ್ಟೆ ಚುರುಗುಟ್ಟಿದರೂ ಕಾಯುತ್ತಿದ್ದೆ.

ಪರದೆಯ ಆ ಕಡೆ ಯುರೋಪಿನ ಒಂದು ವೃದ್ಧಾಶ್ರಮ. ಅಲ್ಲಿದ್ದ ಅಜ್ಜಿ ನಮ್ಮ ಕರಾವಳಿಯಿಂದ ಹರೆಯದಲ್ಲೇ ನರ್ಸಾಗಿ ಹೋದವರು. ಗಂಡ ತೀರಿಹೋಗಿದ್ದರು, ಮಕ್ಕಳಿಲ್ಲ, ಒಡಹುಟ್ಟಿದವರೂ ಉಳಿದಿರಲಿಲ್ಲ. ಮರೆವಿನ ಕಾಯಿಲೆ ಅವರಿಂದ ಆ ದೇಶದ ಭಾಷೆಯನ್ನೂ ಇಂಗ್ಲಿಷನ್ನೂ ಕಿತ್ತುಕೊಂಡು ತುಳುವನ್ನು ಮಾತ್ರ ಬಿಟ್ಟಿತ್ತು. ಅವರು ಏನು ಹೇಳುತ್ತಿದ್ದಾರೆಂದು ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊಟವನ್ನೂ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು.

ಅವರನ್ನು ನೋಡಲು ಬರುತ್ತಿದ್ದದ್ದು ಒಂದು ದತ್ತಿ ಸಂಸ್ಥೆಯ ಸ್ವಯಂಸೇವಕಿ, ನಿವೃತ್ತ ಶಾಲಾ ಶಿಕ್ಷಕಿ. ಒಂಟಿ ಮುದುಕರ ಜೊತೆ ಕೂತು ಮಾತಾಡುವುದೇ ಆಗ ಆ ಸಂಸ್ಥೆಯ ಯೋಜನೆ. ಇಲ್ಲಿಯ ಅಲ್ ಅಜೈಬಾದಲ್ಲಿರುವ ನಮ್ಮ ಆಫೀಸಿನಿಂದ ಆ ಊರಿಗೆ ಹೋಗಿ ನೆಲೆಸಿದ ಗೋವಾದ ಸಹೋದ್ಯೋಗಿಯೊಬ್ಬರ ಮೂಲಕ ತುಳು ಬರುವವರನ್ನು ಹುಡುಕಿ ಆ ಶಿಕ್ಷಕಿ ನನ್ನನ್ನು ಹಿಡಿದರು. ಕೂತು ಮಾತಾಡುವುದಕ್ಕೂ ಒಂದು ಸಂಸ್ಥೆಯೇ ಎಂದು ನನಗೆ ನಗು ಬಂದಿತ್ತು. ಆಮೇಲೆ ಅರ್ಥವಾಯಿತು. ಅಲ್ಲಿ ಸರ್ಕಾರ ಹಾಸಿಗೆ ಕೊಡುತ್ತದೆ, ಮಾತ್ರೆ ಕೊಡುತ್ತದೆ. ಪಕ್ಕದಲ್ಲಿ ಕೂರುವ ಮನುಷ್ಯರನ್ನು ಇಂಥ ಸಂಸ್ಥೆಗಳು ಹುಡುಕಿ ತರಬೇಕು.

ಮೊದಲ ಸಲ ಶಿಕ್ಷಕಿ ಅಜ್ಜಿಯ ಬಾಯಿಗೆ ಚಮಚ ಹಿಡಿದಾಗ ಅಜ್ಜಿ ಮುಖ ತಿರುಗಿಸಿ, ಪರದೆಯಲ್ಲಿದ್ದ ನನ್ನತ್ತ ಬೆರಳು ತೋರಿಸಿದರು. "ಈ ಸುರುಟು ಉಣ್ಲ. ಬೊಕ್ಕ ಯಾನ್."

ನೀನು ಮೊದಲು ಉಣ್ಣು, ಆಮೇಲೆ ನಾನು. ಅವರ ಲೆಕ್ಕದಲ್ಲಿ ನಾನು ಮನೆಗೆ ಬಂದ ನೆಂಟಳು. ನೆಂಟಳ ಬಾಯಿಗೆ ತುತ್ತು ಹೋಗದೆ ಮನೆಯ ಹೆಂಗಸು ಹೇಗೆ ಉಂಡಾಳು? ಇಷ್ಟು ದಿನ ಅವರು ಮಾಡುತ್ತಿದ್ದದ್ದೂ ಅದನ್ನೇ. ಊಟ ಹಿಡಿದುಕೊಂಡು ಬರುವವರೆಲ್ಲ ಅವರಿಗೆ ಬರಿ ಹೊಟ್ಟೆಯಲ್ಲಿ ನಿಂತ ನೆಂಟರು. ಅದನ್ನು ಅಲ್ಲಿನವರು ಹಟ ಎಂದುಕೊಂಡಿದ್ದರು. ನಾನು ಅಡುಗೆಮನೆಗೆ ಓಡಿ, ಮಿಕ್ಕಿದ್ದ ಗಂಜಿ ತಂದು ಅವರ ಎದುರು ಉಂಡೆ. ಅವರೂ ಬಾಯಿ ತೆರೆದರು. ಶಿಕ್ಷಕಿ ಕಣ್ಣೊರೆಸಿಕೊಂಡರು.

ಅಂದಿನಿಂದ ಎಲ್ಲರೂ ಅವರ ಎದುರು ಮೊದಲು ಒಂದು ತುತ್ತು ತಿನ್ನುವಂತೆ ನಾನು ಹೇಳಿಕೊಟ್ಟೆ. ಶಿಕ್ಷಕಿ ಬಂದ ದಿನ ಹಾಗೆ ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಆಶ್ರಮದ ಕೆಲಸದವರಿಗೆ ಎಲ್ಲಿಯ ಪುರುಸೊತ್ತು? ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಪಡಸಾಲೆಯ ಮುದುಕರು. ಅವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಕಳೆದ ಚಳಿಗಾಲದಲ್ಲಿ ಶಿಕ್ಷಕಿ ತಡವರಿಸುತ್ತಾ ವಿಷಯ ತಿಳಿಸಿದರು. ಯೋಜನೆಯ ಅವಧಿ ಮುಗಿಯಿತು, ಸಂಸ್ಥೆ ಹೊಸ ವಿಷಯ ಆರಿಸಿಕೊಂಡಿದೆ, ಇನ್ನು ಮುಂದೆ ಯುದ್ಧದಿಂದ ಓಡಿಬಂದ ಮಕ್ಕಳ ಓದು. ಸಂಸ್ಥೆಯ ಹೆಸರಿಲ್ಲದೆ ತನ್ನನ್ನು ಆಶ್ರಮದವರು ಒಳಗೆ ಬಿಡುವುದಿಲ್ಲ. ಆ ಮಕ್ಕಳಿಗೂ ಯಾರಾದರೂ ಬೇಕಲ್ಲವೇ ಎಂದರು. ಬೇಕು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಜಗಳಕ್ಕೆ ಎದುರಿಗೆ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಒಂದು ಮುದುಕಿಯ ಹಸಿವು ಯಾರದೋ ಮೀಟಿಂಗಿನಲ್ಲಿ ಹಳೆಯ ವಿಷಯವಾಗಿಬಿಟ್ಟಿತಲ್ಲ.

ಕೊನೆಯ ಶುಕ್ರವಾರ ಅಜ್ಜಿಗೆ ಏನೂ ತಿಳಿದಿರಲಿಲ್ಲ. ಅಂದು ಲವಲವಿಕೆಯಲ್ಲಿದ್ದರು. ನನ್ನ ತಟ್ಟೆ ಖಾಲಿಯಾದಾಗಲೆಲ್ಲ "ನನ ಒಂತೆ ಪಾಡೊನ್ಲ" ಎಂದು ಉಪಚಾರ ಮಾಡಿದರು. ಇನ್ನೂ ಸ್ವಲ್ಪ ಹಾಕಿಕೋ ಎಂದು. ನಾನು ಹಾಕಿಕೊಂಡೆ, ಮತ್ತೆ ಹಾಕಿಕೊಂಡೆ. ಹೊಟ್ಟೆ ತುಂಬಿದ್ದರೂ ನುಂಗಿದೆ, ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರಲ್ಲ ಎಂಬ ಹೆದರಿಕೆಗೆ. ಪಾತ್ರೆಯ ತಳ ಕಂಡಿತು. ಆಮೇಲೆ ಬರಿ ಚಮಚ ಬಾಯಿಗಿಟ್ಟುಕೊಂಡು ಉಂಡಂತೆ ಮಾಡಿದೆ. ಅವರು ನಂಬಿ ಉಂಡರು. ಶಿಕ್ಷಕಿ ಅಳುತ್ತಾ ಪರದೆ ಆರಿಸಿದರು.

ಎರಡು ವಾರ ತಡೆದುಕೊಂಡು ನಾನೇ ಆಶ್ರಮಕ್ಕೆ ಫೋನ್ ಮಾಡಿದೆ. ಮೃದು ದನಿಯ ಹೆಂಗಸೊಬ್ಬಳು ಎತ್ತಿದಳು. ಅಜ್ಜಿ ಊಟ ಮಾಡುತ್ತಿದ್ದಾರೆಯೇ, ಅಷ್ಟು ಹೇಳಿದರೆ ಸಾಕು ಎಂದೆ. ಕ್ಷಮಿಸಿ, ಇಲ್ಲಿಯ ಕಾನೂನಿನಂತೆ ಅದನ್ನು ಸಂಬಂಧಿಕರಿಗೆ ಮಾತ್ರ ಹೇಳಬಹುದು ಎಂದಳು. ಶಿಕ್ಷಕಿಗೂ ಈಗ ಹೇಳುವಂತಿಲ್ಲವಂತೆ, ಯೋಜನೆ ಮುಗಿದಿದೆಯಲ್ಲ.

"ಅವರಿಗೆ ಸಂಬಂಧಿಕರೇ ಇಲ್ಲ" ಎಂದೆ.

"ಹೌದು, ನನಗೆ ಗೊತ್ತು" ಎಂದಳು. ಅವಳ ದನಿಯೂ ಕುಗ್ಗಿತ್ತು. ಆ ಅಜ್ಜಿ ಉಂಡರೋ ಇಲ್ಲವೋ ಎಂದು ಕೇಳುವ ಹಕ್ಕು ಈಗ ಈ ಭೂಮಿಯ ಮೇಲೆ ಯಾರಿಗೂ ಇಲ್ಲ.